ಟ್ಯೂನು ಕೂರುವ ಮುಂಚೆ

ದುಬೈ, ಅಬುಧಾಬಿಗಳಿಗೆ ಸಂಗೀತ ಬರುವುದು ಬಹುಮಟ್ಟಿಗೆ ಸಿದ್ಧ ಸರಕಾಗಿ. 2016ರಲ್ಲಿ ದುಬೈ ಒಪೆರಾ ಬಾಗಿಲು ತೆರೆದದ್ದೇ ಪ್ಲಾಸಿಡೊ ಡೊಮಿಂಗೊ ಅವರ ಹಾಡುಗಾರಿಕೆಯಿಂದ. ಬೇರೆಡೆ ಗೆದ್ದು ಹೆಸರು ಮಾಡಿದ್ದಕ್ಕೇ ಅಲ್ಲಿ ಮಣೆ. ದಿರ್ಹಮ್ ಎಣಿಸಿಕೊಟ್ಟು ಕೂತವರ ಮುಂದೆ 'ಇದಿನ್ನೂ ಮುಗಿದಿಲ್ಲ, ಸುಮ್ಮನೆ ಕೇಳಿ ನೋಡಿ' ಎನ್ನಲು ಎದೆಗಾರಿಕೆ ಬೇಕು. ಹಾಗೆ ಅರ್ಧದಲ್ಲೇ ಜನರ ಕಿವಿಗೆ ಬಿದ್ದು ಬೆಳೆದ ಕೃತಿಯೊಂದು ಪೂರ್ಣರೂಪ ಪಡೆದದ್ದು ಮಾತ್ರ ಅದೇ ನೆಲದಲ್ಲಿ: 2017ರ ನವೆಂಬರಿನಲ್ಲಿ, ಸಾದಿಯಾತ್ ದ್ವೀಪದ ನ್ಯೂಯಾರ್ಕ್ ಯೂನಿವರ್ಸಿಟಿ ಅಬುಧಾಬಿಯ ಕಲಾಕೇಂದ್ರದಲ್ಲಿ.

ಕೃತಿ 'ಪ್ಯಾರಬಲ್ ಆಫ್ ದಿ ಸೋವರ್'. ಆಕ್ಟೇವಿಯಾ ಬಟ್ಲರ್ 1993ರಲ್ಲಿ ಬರೆದ ಕಾದಂಬರಿಗೆ ತಾಯಿ ಬರ್ನಿಸ್ ಜಾನ್ಸನ್ ರೇಗನ್, ಮಗಳು ತೋಷಿ ರೇಗನ್ ಸೇರಿ ಕಟ್ಟಿದ ಒಪೆರಾ. ಇದನ್ನು 2015ರಲ್ಲೇ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನ ಉತ್ಸವವೊಂದರಲ್ಲಿ ಕಛೇರಿಯ ರೂಪದಲ್ಲಿ ಹಾಡಿ ತೋರಿಸಿದ್ದರು. ರಂಗದ ಮೇಲೆ ಪೂರ್ತಿಯಾಗಿ ಬಂದದ್ದು ಅಬುಧಾಬಿಯಲ್ಲಿ.

ಮುಗಿಯದ್ದನ್ನು ಜನರೆದುರು ಇಡುವ ಈ ಧೈರ್ಯ ಎಲ್ಲಿಂದ ಬಂತು ಎನ್ನುವುದಕ್ಕೆ ತಾಯಿಯ ಹಿಂದಿನ ದಿನಗಳನ್ನು ನೋಡಬೇಕು. 1961ರಲ್ಲಿ ಜಾರ್ಜಿಯಾದ ಆಲ್ಬನಿಯಲ್ಲಿ ಕರಿಯರ ಹಕ್ಕುಗಳ ಚಳವಳಿ. ಸಭೆಯಲ್ಲಿ ಹಾಡಲು ಎದ್ದ ಬರ್ನಿಸ್, ಚರ್ಚಿನ ಹಳೆಯ ಹಾಡಿನಲ್ಲಿ 'ಸಂಕಟ' ಎಂದಿದ್ದ ಜಾಗಕ್ಕೆ 'ಸ್ವಾತಂತ್ರ್ಯ' ಎಂಬ ಮಾತಿಟ್ಟು ಹಾಡಿಬಿಟ್ಟರು. ಎತ್ತಿಕೊಡುವವರು ಒಬ್ಬರು, ಹಿಂದೆ ಹಿಡಿಯುವವರು ನೂರು ಜನ ಎಂಬಂಥ ಆ ಪರಂಪರೆಯಲ್ಲಿ ಹಾಡು ಮುಗಿಯಿತು ಎನ್ನುವ ಘಟ್ಟವೇ ಇಲ್ಲ. ಒಪೆರಾದಲ್ಲೂ ತೋಷಿ ಗಿಟಾರು ಹಿಡಿದು ವೇದಿಕೆಯ ನಡುವೆಯೇ ಕೂರುತ್ತಾರೆ. ಕಥೆಯನ್ನು ಬದಿಗಿಟ್ಟು ಸಭಿಕರನ್ನು ಮಾತಾಡಿಸುತ್ತಾರೆ, ದನಿಗೂಡಿಸಲು ಕರೆಯುತ್ತಾರೆ. ಬದಲಾವಣೆಯೇ ದೇವರು ಎಂದು ನಂಬುವ ಹುಡುಗಿಯ ಕಥೆಗೆ ಇದು ಒಪ್ಪುತ್ತದೆ. ಆದರೆ ಕೊರತೆಯೂ ಅಲ್ಲೇ ಇದೆ. ಸಭೆಯನ್ನು ಎಬ್ಬಿಸುವಷ್ಟು ಚುರುಕಾಗಿ ಈ ಹಾಡುಗಳು ಕಥೆಯನ್ನು ಮುಂದೆ ಸಾಗಿಸುವುದಿಲ್ಲ. ಕಾದಂಬರಿ ಓದದವರಿಗೆ ಪಾತ್ರಗಳ ಕವಲುದಾರಿ ಮಸುಕಾಗಿಯೇ ಉಳಿಯುತ್ತದೆ. ಕಛೇರಿಯಾಗಿ ಹುಟ್ಟಿದ ಗುಣ ಪೂರ್ತಿ ಬಿಟ್ಟುಹೋಗಿಲ್ಲ.

ಎಲ್ಲ ಬಗೆಯ ಸಂಗೀತಕ್ಕೂ ಈ ದಾರಿ ಆಗಿಬರುವುದಿಲ್ಲ. ಇಳಯರಾಜ ಅವರ 'ವೇಲಿಯಂಟ್' ಸಿಂಫನಿ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ಮೊದಲು ನುಡಿಯಿತು. ಅಂಥ ರಚನೆಯಲ್ಲಿ ಮೊದಲ ಭಾಗದ ಎಳೆಗೆ ಅರ್ಥ ಬರುವುದು ಕೊನೆಯ ಭಾಗ ಕೇಳಿದ ಮೇಲೆ. ಅರ್ಧ ಕೇಳಿಸಿ ಅಭಿಪ್ರಾಯ ಕೇಳಿದರೆ ಸಿಗುವುದು ಚಪ್ಪಾಳೆಯಷ್ಟೇ.

ಅರ್ಧದಲ್ಲೇ ಕೇಳಿಸುವುದಕ್ಕೆ ನಮ್ಮ ಕರ್ನಾಟಕದಲ್ಲಿ ಇನ್ನೊಂದು ಮಗ್ಗುಲಿದೆ. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಹಾಕಿದ ಧಾಟಿಯನ್ನೇ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಅನಂತಸ್ವಾಮಿ ಪೂರ್ತಿ ಗೀತೆಗೆ ರಾಗ ಹಾಕಿಲ್ಲ, ಪೂರ್ತಿ ಹಾಕಿದವರು ಸಿ. ಅಶ್ವಥ್ ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. 2024ರಲ್ಲಿ ಅರ್ಜಿ ವಜಾ ಆಯಿತು. ಯಾರ ಪಾಲು ಎಷ್ಟು ಎಂಬ ಲೆಕ್ಕ ಹಾಗಿರಲಿ, ಅನಂತಸ್ವಾಮಿ 1995ರಲ್ಲೇ ತೀರಿಕೊಂಡಿದ್ದರು, ಕೇಳೋಣವೆಂದರೆ ಅವರಿಲ್ಲ. ಜನರ ಬಾಯಲ್ಲಿ ಕೂತ ಧಾಟಿಯನ್ನು ತಿದ್ದುವ ಹಕ್ಕು ಕಟ್ಟಿದವರ ಕೈಯಲ್ಲಿ ಉಳಿಯುವುದಿಲ್ಲ. ಮೊಬೈಲಿನ ಕಾಲದಲ್ಲಂತೂ ಒಂದು ಸಂಜೆ ಸಾಕು: ತಡವರಿಸಿದ ಚರಣವೇ ವಾಟ್ಸಾಪಿನಲ್ಲಿ ಕೊನೆಯ ಪಾಠವಾಗಿಬಿಡುತ್ತದೆ.

ರೇಗನ್ ತಾಯಿ-ಮಗಳು ಇದರಿಂದ ಪಾರಾದದ್ದು, ನನ್ನ ಪ್ರಕಾರ, ಕೇಳಿಸಿದ ಮೇಲೂ ತಿದ್ದುವ ಅಧಿಕಾರವನ್ನು ಬಿಟ್ಟುಕೊಡದೆ ಇದ್ದದ್ದರಿಂದ. ಎಮಿರೇಟ್ಸಿನ ಕನ್ನಡಿಗರಲ್ಲೂ ಹೊಸದಾಗಿ ರಾಗ ಹಾಕುವವರು ಇದ್ದೇ ಇರುತ್ತಾರೆ. ಎಲ್ಲರಿಗೂ ಗೊತ್ತಿರುವ ಹಾಡನ್ನೇ ಬಯಸುವ ರಾಜ್ಯೋತ್ಸವದ ವೇದಿಕೆ ಅವರಿಗೆ ತಕ್ಕ ಜಾಗವಲ್ಲ. ಯಾರದಾದರೂ ಫ್ಲಾಟಿನ ಹಾಲಿನಲ್ಲಿ, ಹತ್ತು ಜನರೆದುರು, ಫೋನುಗಳನ್ನು ಬದಿಗಿಡಿಸಿ, 'ಎರಡನೇ ಚರಣ ಇನ್ನೂ ಕೂತಿಲ್ಲ' ಎಂದು ಮೊದಲೇ ಹೇಳಿ ಶುರುಮಾಡಬಹುದು.