ಓಟು, ಪಾಲು, ಹೆಸರು: ಆರಂಭಕಾಲದ ಮಹಿಳಾ ಪತ್ರಿಕೆಗಳ ಮರುಓದು

1

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಮಹಿಳಾ ಪತ್ರಿಕೆಗಳನ್ನು ಕೈಗೆತ್ತಿಕೊಂಡಾಗ, ಅವು ಎಷ್ಟರಮಟ್ಟಿಗೆ ಪ್ರಗತಿಪರವಾಗಿದ್ದವು ಎಂಬ ಪ್ರಶ್ನೆ ಸಹಜವಾಗಿಯೇ ಮೊದಲು ಏಳುತ್ತದೆ. ಮತದಾನದ ಹಕ್ಕನ್ನು ಕೇಳಿದ ಪತ್ರಿಕೆಯನ್ನು ಮುಂದಿನ ಸಾಲಿನಲ್ಲಿಯೂ ಗೃಹಧರ್ಮ, ವಿದ್ಯೆ, ವಿಧವೆಯರ ಬಾಳು ಎಂದು ಬರೆದ ಪತ್ರಿಕೆಯನ್ನು ಹಿಂದಿನ ಸಾಲಿನಲ್ಲಿಯೂ ಕೂರಿಸುವುದು ಈ ಪ್ರಶ್ನೆಯ ಪರಿಣಾಮ. ಹೀಗೆ ಅಳೆದಾಗ ಮದರಾಸಿನಿಂದ ಹೊರಡುತ್ತಿದ್ದ ಇಂಗ್ಲಿಷ್ ಪತ್ರಿಕೆ 'ಸ್ತ್ರೀಧರ್ಮ' ಮುಂದಾಗುತ್ತದೆ. ನಂಜನಗೂಡು ತಿರುಮಲಾಂಬ ಅವರ 'ಕರ್ನಾಟಕ ನಂದಿನಿ', ಆರ್. ಕಲ್ಯಾಣಮ್ಮನವರ 'ಸರಸ್ವತಿ' ಹಿಂದಾಗುತ್ತವೆ.

ಈ ಅಳತೆಗೋಲೇ ಪರಿಶೀಲನೆಗೆ ಅರ್ಹವಾದದ್ದು ಎಂಬುದು ಪ್ರಸ್ತುತ ಲೇಖನದ ನಿಲುವು. ಅಂದಿನ ಮತಾಧಿಕಾರವು ಆಸ್ತಿ ಮತ್ತು ತೆರಿಗೆಯನ್ನು ಆಧರಿಸಿತ್ತು. ಆದ್ದರಿಂದ ಹೆಣ್ಣಿಗೆ ಆಸ್ತಿ ಉಂಟೇ, ವಿದ್ಯೆ ಉಂಟೇ, ತನ್ನದೇ ಹೆಸರು ಉಂಟೇ ಎಂಬ ಪ್ರಶ್ನೆಗಳು ಮತದ ಪ್ರಶ್ನೆಗಿಂತ ಬೇರೆಯಾದವುಗಳಲ್ಲ. ಈ ಪ್ರಶ್ನೆಗಳು ಪತ್ರಿಕೆಗಿಂತ ಮೊದಲೇ ನಮ್ಮ ಮೌಖಿಕ ಪರಂಪರೆಯಲ್ಲಿ ರೂಪುಗೊಂಡಿದ್ದವು ಎಂಬುದನ್ನೂ ಇದರೊಂದಿಗೆ ಗಮನಿಸಬೇಕು.

2

ಮತದ ಬೇಡಿಕೆ ಹುಟ್ಟಿದ ಬಗೆಯನ್ನೇ ಮೊದಲು ನೋಡಬಹುದು. ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನ ಮಹಿಳಾ ಮತಾಧಿಕಾರ ಚಳವಳಿಯಲ್ಲಿ ಪಳಗಿ ಬಂದವರು. ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯುವಂತೆ ಸಲಹೆ ನೀಡಿದವರೆಂದು ನಾವು ಸ್ಮರಿಸುವ ಜೇಮ್ಸ್ ಕಸಿನ್ಸ್ ಇವರ ಪತಿ. ಅಲ್ಲಿನ ಚಳವಳಿಯ ವಾರಪತ್ರಿಕೆ 'ಐರಿಷ್ ಸಿಟಿಜನ್' 1912ರಲ್ಲಿ ಆರಂಭವಾದಾಗ ಅದರ ಸಂಪಾದಕರಲ್ಲಿ ಒಬ್ಬರಾಗಿದ್ದವರು. ಚಳವಳಿಗೊಂದು ಪತ್ರಿಕೆ ಬೇಕು ಎಂಬ ತಿಳಿವಳಿಕೆ ಈ ದಂಪತಿಗಳೊಂದಿಗೆ ಮದರಾಸಿಗೆ ಬಂದಿತು. 1917ರಲ್ಲಿ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘ ಸ್ಥಾಪನೆಯಾಯಿತು. 1918ರಲ್ಲಿ ಅದರ ಮುಖವಾಣಿಯಾಗಿ 'ಸ್ತ್ರೀಧರ್ಮ' ಹೊರಬಂದಿತು.

1917ರ ಡಿಸೆಂಬರ್ 18ರಂದು ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಭಾರತ ಮಂತ್ರಿ ಮಾಂಟೆಗು ಅವರನ್ನು ಮದರಾಸಿನಲ್ಲಿ ಕಂಡು ಮತಾಧಿಕಾರವನ್ನು ಕೋರಿತು. ಆದರೆ ಕಸಿನ್ಸ್ ಅವರು ಮೊದಲು ಯೋಚಿಸಿದ್ದು ಶಿಕ್ಷಣದ ಬಗ್ಗೆ ಅಹವಾಲು ಸಲ್ಲಿಸಲು. ರಾಜಕೀಯ ಸುಧಾರಣೆಗೆ ಸಂಬಂಧಿಸಿದ ನಿಯೋಗಗಳಿಗೆ ಮಾತ್ರ ಅವಕಾಶವೆಂದು ತಿಳಿದುಬಂದ ಮೇಲೆ ಮತದ ಬೇಡಿಕೆ ಮುಂದಕ್ಕೆ ಬಂದಿತು. ಅಂದರೆ ಶಿಕ್ಷಣ ಬೇರೆ, ಮತ ಬೇರೆ ಎಂಬ ಗೆರೆಯನ್ನು ಎಳೆದದ್ದು ಸರ್ಕಾರಿ ವ್ಯವಸ್ಥೆ. ಅದೇ ಗೆರೆಯನ್ನು ನಾವು ಇಂದು ಪತ್ರಿಕೆಗಳ ಮೇಲೆ ಎಳೆಯುವುದು ಸಾಧುವಲ್ಲ.

ಭಾಷೆಯ ದೃಷ್ಟಿಯಿಂದಲೂ ಈ ವಿಭಜನೆ ನಿಲ್ಲುವುದಿಲ್ಲ. ಮತವನ್ನು ಕೇಳಿದ ಪತ್ರಿಕೆಯ ಹೆಸರಿನಲ್ಲಿ ಇದ್ದದ್ದು ಹಕ್ಕಲ್ಲ, ಧರ್ಮ. 1918ರ ಮುಂಬಯಿ ಕಾಂಗ್ರೆಸ್ ವಿಶೇಷ ಅಧಿವೇಶನದಲ್ಲಿ ಮತಾಧಿಕಾರದ ನಿರ್ಣಯವನ್ನು ಮಂಡಿಸುತ್ತ ಸರೋಜಿನಿ ನಾಯಿಡು ಅವರು, ಪುರುಷರ ಕಾರ್ಯಕ್ಷೇತ್ರವನ್ನು ಕಸಿದುಕೊಳ್ಳುವ ಉದ್ದೇಶ ತಮಗಿಲ್ಲವೆಂದೇ ವಾದಿಸಿದರು. ತಿರುಮಲಾಂಬ ಅವರು 1913ರಲ್ಲಿ ತಮ್ಮ ಗ್ರಂಥಮಾಲೆಗೆ 'ಸತೀ ಹಿತೈಷಿಣಿ' ಎಂದು ಹೆಸರಿಟ್ಟದ್ದನ್ನು ಸಂಪ್ರದಾಯನಿಷ್ಠೆ ಎಂದು ಕರೆಯುವುದಾದರೆ, 'ಸ್ತ್ರೀಧರ್ಮ' ಎಂಬ ಹೆಸರನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಬಾಲವಿಧವೆಯೊಬ್ಬಳು ತಾನೇ ಬರೆದು, ತಾನೇ ಪ್ರಕಟಿಸಿ, ತಾನೇ ಪತ್ರಿಕೆ ನಡೆಸಿದ ಕ್ರಿಯೆಯನ್ನು ಆ ಶೀರ್ಷಿಕೆಯ ಜೊತೆಗಿಟ್ಟೇ ಓದಬೇಕು.

3

ಸೌತ್‌ಬರೋ ಸಮಿತಿಯು ಭಾರತದ ಸಾಮಾಜಿಕ ಸ್ಥಿತಿಯ ಕಾರಣ ನೀಡಿ ಮಹಿಳೆಯರ ಬೇಡಿಕೆಯನ್ನು ಒಪ್ಪಲಿಲ್ಲ. 1919ರ ಶಾಸನದ ಅಡಿಯಲ್ಲಿ ತೀರ್ಮಾನವು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟುಹೋಯಿತು. ಮದರಾಸು ಮತ್ತು ಮುಂಬಯಿ 1921ರಲ್ಲಿ ಲಿಂಗದ ಆಧಾರದ ಅನರ್ಹತೆಯನ್ನು ತೆಗೆದುಹಾಕಿದವು. ಮೈಸೂರು ಸಂಸ್ಥಾನದಲ್ಲಿ 1923ರ ಸುಧಾರಣೆಗಳು ಮಹಿಳೆಯರಿಗೆ ಮತ ನೀಡಿದವು. ಆದರೆ ಎಲ್ಲೆಡೆಯೂ ಆಸ್ತಿಯ ಅರ್ಹತೆ ಹಾಗೆಯೇ ಉಳಿಯಿತು. ಕಂದಾಯ ಕಟ್ಟುವ ಭೂಮಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಮತ.

ಇಲ್ಲಿ ಜಾನಪದದ ಸಾಕ್ಷ್ಯ ಮುಖ್ಯವಾಗುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆ ಕೇವಲ ಭಾವನೆಯ ಮಾತಲ್ಲ. ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಪಾಲಿಲ್ಲವೆಂಬ ನಿಯಮದ ಜನಪದ ರೂಪ ಅದು. 1931ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ 'ಗರತಿಯ ಹಾಡು' ಮೊದಲಾದ ಸಂಗ್ರಹಗಳ ತವರಿನ ಹಾಡುಗಳನ್ನು ಈ ಹಿನ್ನೆಲೆಯಲ್ಲಿ ಓದಿದರೆ ಬೇರೆಯದೇ ಅರ್ಥ ಹೊಳೆಯುತ್ತದೆ. ಅಲ್ಲಿನ ತಂಗಿ ಅಣ್ಣನ ಮನೆ ಬೆಳೆಯಲೆಂದು ಹರಸುತ್ತಾಳೆ. ಹಬ್ಬಕ್ಕೆ ಕರೆಯಬರುವ ಅಣ್ಣನ ದಾರಿ ಕಾಯುತ್ತಾಳೆ. ಸೀರೆ ಕುಪ್ಪಸದ ಉಡುಗೊರೆಗೆ ಹಿಗ್ಗುತ್ತಾಳೆ. ಇದನ್ನು ತ್ಯಾಗದ ಆದರ್ಶವೆಂದು ನಾವು ಬಹುಕಾಲ ಕೊಂಡಾಡಿದ್ದೇವೆ. ಆದರೆ ಪಾಲು ಕೇಳುವ ಹಕ್ಕಿಲ್ಲದವಳಿಗೆ ತವರಿನೊಂದಿಗೆ ನಂಟು ಉಳಿಸಿಕೊಳ್ಳಲು ಉಡುಗೊರೆಯ ಭಾಷೆಯೊಂದೇ ದಾರಿಯಾಗಿತ್ತು ಎಂಬುದನ್ನು ಮರೆತಿದ್ದೇವೆ.

ಈ ಸಂಬಂಧವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಬದುಕು. ಬಾಲ್ಯದಲ್ಲಿಯೇ ಅವರ ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿಯೆಲ್ಲ ಮಲಸಹೋದರನಿಗೆ ಸೇರಿತು. ತಾಯಿ ಮಗಳು ಬರಿಗೈಯಲ್ಲಿ ಉಳಿದರು. ಅದೇ ಕಮಲಾದೇವಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಪಾಲು ದೊರೆಯದ ಮಗಳು ಮತ ಕೇಳಲು ನಿಂತದ್ದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಮೈಸೂರಿನಲ್ಲಿ ಮತ ಬಂದು ಹತ್ತು ವರ್ಷಗಳ ಅನಂತರ, 1933ರಲ್ಲಿ, ಹಿಂದೂ ಕಾನೂನು ಮಹಿಳೆಯರ ಹಕ್ಕುಗಳ ಶಾಸನ ಬಂದಿತು. ವಿಭಾಗದ ಸಂದರ್ಭದಲ್ಲಿ ತಾಯಿ, ಪತ್ನಿ, ಅವಿವಾಹಿತ ಹೆಣ್ಣುಮಕ್ಕಳು ಮೊದಲಾದವರಿಗೆ ಅದು ಪಾಲನ್ನು ಗುರುತಿಸಿತು. 'ಅವಿವಾಹಿತ' ಎಂಬ ಪದವನ್ನು ಗಮನಿಸಬೇಕು. ಗಾದೆ ಶಾಸನದೊಳಗೂ ಉಳಿದುಕೊಂಡಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಮಗಳನ್ನು ಹುಟ್ಟಿನಿಂದಲೇ ಸಮಾನ ಹಕ್ಕುದಾರಳೆಂದು ಒಪ್ಪಿದರೂ, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಈ ಹೊರಗಿಡುವಿಕೆ ಕೊನೆಗೊಂಡದ್ದು 2005ರ ಕೇಂದ್ರ ತಿದ್ದುಪಡಿಯಿಂದ.

4

ಇಷ್ಟನ್ನು ಹೇಳಿದ ಮಾತ್ರಕ್ಕೆ ಆ ಕಾಲದ ಪತ್ರಿಕೆಗಳ ಮಿತಿಗಳನ್ನು ಮುಚ್ಚಿಡಬೇಕಾಗಿಲ್ಲ. ಗೃಹಧರ್ಮದ ಬರೆಹಗಳಲ್ಲೆಲ್ಲ ಹಕ್ಕಿನ ದನಿಯನ್ನು ಹುಡುಕುವುದು ಇನ್ನೊಂದು ಬಗೆಯ ಅತಿರೇಕ. ಪಾತಿವ್ರತ್ಯದ ಬೋಧನೆ ಬೋಧನೆಯೇ. 1921ರ ಜನಗಣತಿಯ ಪ್ರಕಾರ ದೇಶದಲ್ಲಿ ಓದು ಬಲ್ಲ ಹೆಂಗಸರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಕಳೆ ಕೀಳುವ, ಕೂಲಿಗೆ ಹೋಗುವ ಹೆಣ್ಣು ಈ ಪತ್ರಿಕೆಗಳ ಓದುಗಳಾಗಿರಲು ಸಾಧ್ಯವಿರಲಿಲ್ಲ. ಆಸ್ತಿ ಆಧಾರಿತ ಮತವೂ ಅವಳನ್ನು ತಲುಪುವಂತಿರಲಿಲ್ಲ.

ಆದರೆ ಅವಳಲ್ಲಿ ನ್ಯಾಯದ ಕಲ್ಪನೆ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ತುಳುನಾಡಿನ ಸಿರಿ ಪಾಡ್ದನದಲ್ಲಿ ಸಿರಿ ತನ್ನನ್ನು ಅವಮಾನಿಸಿದ ಗಂಡನನ್ನು ತೊರೆದು ಹೊರಡುತ್ತಾಳೆ. ಅಜ್ಜನ ಮನೆಯ ಹಕ್ಕಿನ ವ್ಯಾಜ್ಯದಲ್ಲಿ ಅವಳಿಗೆ ನ್ಯಾಯ ದೊರೆಯುವುದಿಲ್ಲ. ಗೋಪಾಲ ನಾಯ್ಕರು ಹಾಡಿದ, 1998ರಲ್ಲಿ ಲೌರಿ ಹೋಂಕೋ ಮತ್ತು ಸಂಗಡಿಗರ ಸಂಪಾದನೆಯಲ್ಲಿ ಪ್ರಕಟವಾದ ಪಠ್ಯ 15,683 ಸಾಲುಗಳಷ್ಟಿದೆ. ಇಷ್ಟು ದೀರ್ಘವಾದ ಕಥನದಲ್ಲಿ ಹೆಣ್ಣಿನ ಪಾಲು ಮತ್ತು ಮಾನ ಎರಡೂ ಚರ್ಚೆಗೆ ಬರುತ್ತವೆ. ಅಂದರೆ ಮೌಖಿಕ ಪರಂಪರೆಯಲ್ಲಿ ದೂರು ಇತ್ತು, ಆದರೆ ಅದನ್ನು ಕೇಳಿಸಿಕೊಳ್ಳುವ ಸರ್ಕಾರವಿರಲಿಲ್ಲ. ಪತ್ರಿಕೆಗೆ ಸರ್ಕಾರವನ್ನು ಉದ್ದೇಶಿಸಿ ಮಾತನಾಡುವ ದಾರಿ ತಿಳಿದಿತ್ತು, ಆದರೆ ಈ ದೂರು ಅದರ ಪುಟಗಳಿಗೆ ಏರಲಿಲ್ಲ. ಈ ಎರಡರ ನಡುವಿನ ಅಂತರವೇ ಅಂದಿನ ಸಮಾನತೆಯ ವಾಗ್ವಾದದ ನಿಜವಾದ ಮಿತಿ.

5

ಮುಂದೆ 1935ರ ಶಾಸನವು ಮತದಾರನ ಪತ್ನಿ ಎಂಬ ನೆಲೆಯಲ್ಲಿಯೂ ಮಹಿಳೆಯರಿಗೆ ಮತ ನೀಡಿತು. ಪ್ರಮುಖ ಮಹಿಳಾ ಸಂಘಟನೆಗಳು ಅದಕ್ಕೆ ಮೊದಲೇ ಇಂಥ ಅರ್ಹತೆಯನ್ನು ವಿರೋಧಿಸಿ ವಯಸ್ಕ ಮತಾಧಿಕಾರವನ್ನು ಕೇಳಿದ್ದವು. ಹೆಂಡತಿಯೆಂಬ ಕಾರಣಕ್ಕೆ ಬಂದ ಮತ ಗಂಡಿನ ಆಸ್ತಿಯ ನೆರಳು ಮಾತ್ರವೆಂಬುದು ಅವರಿಗೆ ತಿಳಿದಿತ್ತು. 1950ರ ಸಂವಿಧಾನ ಆ ನೆರಳನ್ನು ನಿವಾರಿಸಿತು. ಆದರೂ 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಸಿದ್ಧವಾದಾಗ ಸುಮಾರು 28 ಲಕ್ಷ ಮಹಿಳೆಯರನ್ನು ಕೈಬಿಡಬೇಕಾಯಿತು. ಬಹುಪಾಲು ಉತ್ತರದ ರಾಜ್ಯಗಳಿಗೆ ಸೇರಿದ ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ನಮ್ಮಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಸಂಪ್ರದಾಯವನ್ನು ಬಲ್ಲವರಿಗೆ ಈ ಸಂಗತಿ ಹೊಸದಾಗಿ ಕಾಣದು. ಒಡಪಿನಲ್ಲಿ ಹೆಣ್ಣು ಜಾಣ್ಮೆಯಿಂದ ಹೇಳುವ ಹೆಸರೂ ಅವಳದಲ್ಲ.

ಆದ್ದರಿಂದ ಸಂಶೋಧಕರಲ್ಲಿ ಮತ್ತು ಗ್ರಂಥಾಲಯಗಳಲ್ಲಿ ಒಂದು ನಿವೇದನೆ. ಹಳೆಯ ಮಹಿಳಾ ಪತ್ರಿಕೆಗಳ ಲೇಖನಸೂಚಿಯನ್ನು ಸಿದ್ಧಪಡಿಸುವಾಗ 'ರಾಜಕೀಯ', 'ಗೃಹಕೃತ್ಯ' ಎಂಬ ಎರಡು ಗೂಡುಗಳಲ್ಲಿ ಬರೆಹಗಳನ್ನು ತುಂಬಿಬಿಟ್ಟರೆ, ಸ್ತ್ರೀಧನ, ಜೀವನಾಂಶ, ವಿಧವೆಯ ವಿದ್ಯೆ ಕುರಿತ ಬರೆಹ ಎರಡನೆಯ ಗೂಡಿಗೆ ಬಿದ್ದು, ಮತಾಧಿಕಾರದ ಚರಿತ್ರೆಯನ್ನು ಹುಡುಕುವವರ ಕಣ್ಣಿಗೆ ಬೀಳದೆಯೇ ಉಳಿಯುತ್ತದೆ. ಇಂಥ ಬರೆಹಗಳನ್ನು ಹಕ್ಕು ಎಂಬ ಶೀರ್ಷಿಕೆಯಡಿಯೂ ಕಾಣಿಸಬೇಕು. ಓದುಗರ ಪತ್ರ, ಚಂದಾದಾರರ ಹೆಸರು, ಜಾಹೀರಾತುಗಳಿರುವ ಪುಟಗಳನ್ನು ರಟ್ಟು ಕಟ್ಟಿಸುವಾಗ ಕಳಚಿಹಾಕಬಾರದು. ಮತ ಕೇಳುವುದಕ್ಕೆ ಮೊದಲು ಹೆಣ್ಣು ತನ್ನ ಹೆಸರಿನಲ್ಲಿ ಚಂದಾ ಕಟ್ಟಿದಳೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದಿದ್ದರೆ ಆ ಪುಟಗಳಲ್ಲಿಯೇ ದೊರೆಯಬೇಕು.