ಮನ ಮಾನವಾಗದಂತೆ

ಚರ್ಚಿನ ಹಾಡು ಭಕ್ತಿಯ ವಿಷಯ, ಅದನ್ನು ವಿಮರ್ಶೆಗೆ ಎಳೆಯಬಾರದು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪುಣೆಯಲ್ಲಿ ಕನ್ನಡದವರು ಸೇರುವ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹಲವು ವರ್ಷಗಳಿಂದ ಹಾಡುತ್ತಿದ್ದೇನೆ. ವಾರವಿಡೀ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬದುಕುವ ನಮಗೆ ಎಲ್ಲರೂ ಸೇರಿ ಗಟ್ಟಿಯಾಗಿ ಕನ್ನಡ ಉಚ್ಚರಿಸುವ ಹೊತ್ತು ಅದೊಂದೇ. ಅಲ್ಲಿ ಹಾಡು ನಡೆಸುವವರ ಕೈಯಲ್ಲಿ ಭಕ್ತಿಯ ಜೊತೆಗೆ ಭಾಷೆಯೂ ಇರುತ್ತದೆ.

ನನ್ನ ತಕರಾರು ಸಣ್ಣದು, ಒಂದು ಮಾತ್ರೆಯಷ್ಟು. 'ಮನ' ಎಂಬಲ್ಲಿ ಮೊದಲ ಅಕ್ಷರವನ್ನು ಎಳೆದರೆ 'ಮಾನ' ಆಗುತ್ತದೆ. 'ದಿನ' ಎಳೆದರೆ 'ದೀನ'. ದೇವರ 'ಬಲ'ವನ್ನು ಎಳೆದರೆ ಏನಾಗುತ್ತದೆಂದು ಮಕ್ಕಳನ್ನು ಕೇಳಿ, ಅವರು ಆಗಲೇ ನಗುತ್ತಿರುತ್ತಾರೆ.

ಈ ತೊಡಕಿಗೆ ಇತಿಹಾಸವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಊರಿನ ರಾಗಗಳನ್ನೂ ತಂದರು. ಆ ರಾಗಗಳಿಗೆ ಹೊಂದುವಂತೆ ಕನ್ನಡ ಹಾಡುಗಳು ಹುಟ್ಟಿದವು. ಜರ್ಮನ್ ಪದ್ಯ ನಡೆಯುವುದು ಅಕ್ಷರದ ಮೇಲೆ ಬೀಳುವ ಒತ್ತಿನಿಂದ. ಕನ್ನಡದಲ್ಲಿ ಅರ್ಥವನ್ನೇ ಬದಲಿಸುವುದು ಲಘು–ಗುರು. ಎರಡೂ ಒಂದೇ ಹಾಡಿನಲ್ಲಿ ಕೂಡಿದಾಗ ಯಾರಾದರೂ ಬಗ್ಗಲೇಬೇಕು. ಹೆಚ್ಚಾಗಿ ಬಗ್ಗಿದ್ದು ಕನ್ನಡ. ಇದನ್ನು ಬಲ್ಲವರು ಅವರಲ್ಲೇ ಇದ್ದರು. ಕಿಟ್ಟೆಲ್ ಎಂದರೆ ನಮಗೆ 1894ರ ನಿಘಂಟು ನೆನಪಾಗುತ್ತದೆ. ಆದರೆ ಅದೇ ಕಿಟ್ಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ಇಲ್ಲಿನ ಛಂದಸ್ಸಿಗೆ ಒಗ್ಗಿಸಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದರು. ಭಾಷೆಯ ಉಸಿರು ಕೆಡದಂತೆ ಹಾಡಬಹುದು ಎಂಬ ತಿಳಿವಳಿಕೆ ನಮಗೆ ಹೊಸದಲ್ಲ.

ವಲಸೆ ಬಂದ ಊರಿನಲ್ಲಿ ಈ ತೊಡಕು ಇಮ್ಮಡಿಯಾಗಿದೆ. ಕನ್ನಡ ಓದಲು ಬಾರದ ಮಕ್ಕಳಿಗಾಗಿ ಪರದೆಯ ಮೇಲೆ ಹಾಡು ರೋಮನ್ ಲಿಪಿಯಲ್ಲಿ ಬರುತ್ತದೆ. ಅಲ್ಲಿ 'ಮನ'ಕ್ಕೂ 'ಮಾನ'ಕ್ಕೂ ಸಾಮಾನ್ಯವಾಗಿ ಒಂದೇ ಸ್ಪೆಲ್ಲಿಂಗ್. ಮಗುವಿಗೆ ಸರಿಯಾದ ಪದ ಸಿಗುವ ದಾರಿ ಒಂದೇ: ಮುಂದೆ ನಿಂತು ಹಾಡುವವರ ಬಾಯಿ. ಅದೂ ಕೀಬೋರ್ಡ್, ಡ್ರಮ್ಮುಗಳ ಅಬ್ಬರದಲ್ಲಿ ಮುಳುಗಿದರೆ ಮಗು ಕಲಿಯುವುದು ಬರೀ ಸದ್ದನ್ನು.

ದಾಸರ ಪದ ಹಾಡುವಾಗಲೂ ಹ್ರಸ್ವ ದೀರ್ಘವಾಗುತ್ತದಲ್ಲ ಎಂದು ಕೇಳಬಹುದು. ಆಗುತ್ತದೆ. ಆದರೆ ಒಳ್ಳೆಯ ಗಾಯಕರು ಪದವನ್ನು ಮೊದಲು ನೇರವಾಗಿ ಕಿವಿಗೆ ಮುಟ್ಟಿಸಿ, ಆಮೇಲೆ ಬೆಳೆಸುತ್ತಾರೆ. ಸಭೆಯ ಹಾಡಿನಲ್ಲಿ ಸಾಲು ಬರುವುದು ಒಮ್ಮೆ, ಹೋಗುವುದೂ ಒಮ್ಮೆ. ತಿದ್ದಿಕೊಳ್ಳಲು ಎಡೆಯಿಲ್ಲ.

ಹಾಗಾದರೆ ನಡೆಸುವವರು ಮಾಡಬೇಕಾದ್ದೇನು? ಅಭ್ಯಾಸದ ದಿನ ರಾಗ ಬಿಟ್ಟು ಸಾಹಿತ್ಯವನ್ನು ಗಟ್ಟಿಯಾಗಿ ಓದುವುದು. ಉದ್ದ ಸ್ವರ ಹ್ರಸ್ವದ ಮೇಲೆ ಬಿದ್ದಲ್ಲಿ ಗುರುತು ಹಾಕಿ, ಆ ಎಳೆತವನ್ನು ಮುಂದಿನ ಅಕ್ಷರಕ್ಕೆ ಹಂಚುವುದು. ಶ್ರುತಿಯನ್ನು ತಮ್ಮ ಕಂಠಕ್ಕಲ್ಲ, ಅಜ್ಜಿಯರ ಕಂಠಕ್ಕೆ ಹೊಂದಿಸುವುದು. ಪುಸ್ತಕ ನೋಡದೆ ಹಾಡಬಲ್ಲವರು ಅವರೇ, ಶ್ರುತಿ ಏರಿದರೆ ಮೊದಲು ಸುಮ್ಮನಾಗುವವರೂ ಅವರೇ. ಒಂದು ಚರಣಕ್ಕಾದರೂ ವಾದ್ಯ ನಿಲ್ಲಿಸಿ ಜನರಿಗೆ ಜನರ ದನಿ ಕೇಳಿಸುವುದು.

ಇದು ನನ್ನೊಬ್ಬರ ಹಟವಲ್ಲ. ಪೂಜಾಸಂಗೀತದ ಬಗ್ಗೆ 1967ರಲ್ಲಿ ರೋಮ್ ಹೊರಡಿಸಿದ ಸೂಚನೆಗಳು ಕೂಡ ವಾದ್ಯ ದನಿಗೆ ಆಸರೆಯಾಗಲಿ, ಮಾತು ಕೇಳಿಸದಷ್ಟು ಮೇಲೇಳದಿರಲಿ, ಗಾಯನವೃಂದ ಜನರ ಹಾಡನ್ನು ಪೂರ್ತಿ ಕಸಿದುಕೊಳ್ಳದಿರಲಿ ಎನ್ನುತ್ತವೆ.

ಅಷ್ಟು ದೂರವೂ ಹೋಗಬೇಕಿಲ್ಲ. ಆಷಾಢದ ವಾರಿಯಲ್ಲಿ ಆಳಂದಿ, ದೇಹುಗಳ ಪಾಲಖಿಗಳು ಪುಣೆಯನ್ನು ಹಾದು ಪಂಢರಪುರಕ್ಕೆ ಹೋಗುವಾಗ ರಸ್ತೆ ಬದಿಯಲ್ಲಿ ನಿಂತು ದಿಂಡಿಯನ್ನು ಕೇಳಿ. ಒಬ್ಬರು ಎತ್ತಿಕೊಡುತ್ತಾರೆ, ಸಾಲು ಸಾಲು ತಾಳದವರು ಹಿಡಿದುಕೊಳ್ಳುತ್ತಾರೆ. ಎತ್ತಿಕೊಟ್ಟವರ ದನಿ ಸ್ವಲ್ಪ ಹೊತ್ತಿಗೆ ಉಳಿದವರಲ್ಲಿ ಕರಗಿರುತ್ತದೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು (1861–1919) ಕ್ರೈಸ್ತರಾದ ಮೇಲೂ ಅಭಂಗ, ಭಜನೆಗಳ ಈ ಧಾಟಿಯನ್ನು ಬಿಡಲಿಲ್ಲ. ಅವರ ಹಾಡುಗಳು ಮರಾಠಿ ಚರ್ಚುಗಳಲ್ಲಿ ಇಂದಿಗೂ ಉಳಿದಿರುವುದಕ್ಕೆ, ಹಾಡುವವರ ನಾಲಿಗೆಗೆ ಅವು ಪರಕೀಯವಾಗದೇ ಇದ್ದದ್ದೂ ಒಂದು ಕಾರಣವೆಂದು ನನ್ನ ನಂಬಿಕೆ.

ಜರ್ಮನ್ ರಾಗಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅವು ಈಗ ನಮ್ಮವೇ. ಧಾರವಾಡ, ಹುಬ್ಬಳ್ಳಿ, ಮಂಗಳೂರಿನ ಎಷ್ಟೋ ಮನೆಗಳ ಮದುವೆಯಲ್ಲೂ ಮಣ್ಣಿನಲ್ಲೂ ಜೊತೆಗಿದ್ದಂಥವು. ಹಾಡು ನಡೆಸುವುದರ ಶಿಸ್ತು ಎಂದರೆ ಸಮಯಕ್ಕೆ ಬರುವುದು, ತಾಳ ತಪ್ಪದಿರುವುದು ಇಷ್ಟೇ ಅಲ್ಲ. ಇಲ್ಲೇ ಹುಟ್ಟಿದ ಮಗುವೊಂದು ನಾಳೆ ಒಬ್ಬಂಟಿಯಾಗಿ ಕೂತಾಗ ಆ ಸಾಲನ್ನು ಗುನುಗಿದರೆ, ಅದರ ಬಾಯಿಂದ 'ಮನ' ಎಂದೇ ಬರಬೇಕು. ಶಿಸ್ತು ಯಾರಿಗಾಗಿ ಎಂದರೆ, ಆ ಮಗುವಿಗಾಗಿ.