ಓದಿನಿಂದ ಮರುಭೂಮಿಗೆ: ಜೋಸೆಫ್ ವುಡ್ ಕ್ರೂಚ್ ಅವರ ನಿಸರ್ಗ ಬರಹ

ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರೊಬ್ಬರು ನಿಸರ್ಗವನ್ನು ಕುರಿತು ಬರೆದಾಗ ಅದನ್ನು ವಿರಾಮಕಾಲದ ಹವ್ಯಾಸವೆಂದು ಬದಿಗಿಡುವುದು ವಿಮರ್ಶೆಯಲ್ಲಿ ಬೆಳೆದುಬಂದ ರೂಢಿ. ಅಮೆರಿಕದ ಜೋಸೆಫ್ ವುಡ್ ಕ್ರೂಚ್ (1893-1970) ಅವರ ಬದುಕು ಮತ್ತು ಬರಹ ಈ ರೂಢಿಯನ್ನು ಪ್ರಶ್ನಿಸುತ್ತವೆ. ಅವರ ನಿಸರ್ಗ ಬರಹವು ಅವರೇ ಯೌವನದಲ್ಲಿ ಎತ್ತಿದ್ದ ಪ್ರಶ್ನೆಯೊಂದಕ್ಕೆ ಕಾಲು ಶತಮಾನದ ತರುವಾಯ ಕಂಡುಕೊಂಡ ಉತ್ತರವಾಗಿದೆ. ಆ ಉತ್ತರದ ಘನತೆಯನ್ನು ಒಪ್ಪಿಕೊಂಡೇ, ಜಾನಪದದ ನೆಲೆಯಿಂದ ಅದರ ಮಿತಿಯನ್ನೂ ಗುರುತಿಸಬೇಕಾಗುತ್ತದೆ.

ಟೆನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ಜನಿಸಿದ ಕ್ರೂಚ್, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗ ಮಾಡಿದರು. ಹದಿನೇಳನೆಯ ಶತಮಾನದ ಕೊನೆಯ ಇಂಗ್ಲಿಷ್ ಹರ್ಷನಾಟಕಗಳನ್ನು ಕುರಿತ ಅವರ ಅಧ್ಯಯನವು 1924ರಲ್ಲಿ ಪ್ರಕಟವಾಯಿತು. ಅದೇ ವರ್ಷದಿಂದ ‘ದ ನೇಷನ್’ ಪತ್ರಿಕೆಯ ನಾಟಕ ವಿಮರ್ಶಕರಾಗಿ ಹೆಸರು ಗಳಿಸಿದ ಅವರು ಮುಂದೆ ಕೊಲಂಬಿಯಾದಲ್ಲೇ ಪ್ರಾಧ್ಯಾಪಕರಾದರು. 1929ರ ‘ದ ಮಾಡರ್ನ್ ಟೆಂಪರ್’ ಅವರಿಗೆ ವ್ಯಾಪಕ ಖ್ಯಾತಿ ತಂದ ಕೃತಿ. ವಿಜ್ಞಾನವು ತೋರಿಸಿಕೊಟ್ಟ ನಿಸರ್ಗಕ್ಕೆ ಮನುಷ್ಯನ ಮೌಲ್ಯಗಳ ಗೊಡವೆಯಿಲ್ಲ. ಮನುಷ್ಯ ಆ ನಿಸರ್ಗದಲ್ಲಿ ಪರಕೀಯ. ಆದ್ದರಿಂದ ದುರಂತ ನಾಟಕದಂತಹ ಉನ್ನತ ಪ್ರಕಾರವೂ ಇನ್ನು ಅಸಾಧ್ಯ ಎಂಬುದು ಅದರ ತಿರುಳು. ಇಲ್ಲಿ ನಿಸರ್ಗ ಒಂದು ಪರಿಕಲ್ಪನೆ ಮಾತ್ರ. ಅದರೊಳಗೆ ಕಪ್ಪೆಯೂ ಇಲ್ಲ, ಗಿಡವೂ ಇಲ್ಲ ಎಂಬುದು ಗಮನಾರ್ಹ.

ಈ ನಿಲುವು ಸಡಿಲಗೊಂಡದ್ದು ಸಾಹಿತ್ಯ ವ್ಯಾಸಂಗದ ಮೂಲಕವೇ. 1944ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರನ್ನೂ 1948ರಲ್ಲಿ ಥೋರೋವನ್ನೂ ಕುರಿತು ಕ್ರೂಚ್ ಗ್ರಂಥಗಳನ್ನು ರಚಿಸಿದರು. ಎರಡನೆಯ ಗ್ರಂಥದ ಬೆನ್ನಲ್ಲೇ, 1949ರಲ್ಲಿ, ಕನೆಕ್ಟಿಕಟ್‌ನ ಹಳ್ಳಿಗಾಡಿನ ಋತುಚಕ್ರವನ್ನು ಚಿತ್ರಿಸುವ ‘ದ ಟ್ವೆಲ್ವ್ ಸೀಸನ್ಸ್’ ಹೊರಬಂದಿತು. ವಸಂತವನ್ನು ಸಾರುವ ಪುಟ್ಟ ಕಪ್ಪೆಗಳ ಕೂಗಿನಿಂದ ಅದು ಆರಂಭವಾಗುತ್ತದೆ. ಅನಂತರ ರಜೆ ಪಡೆದು ಅರಿಜೋನಾದ ಟೂಸಾನ್ ಬಳಿ ಒಂದು ವರ್ಷಕ್ಕೂ ಮಿಕ್ಕಿ ನೆಲೆಸಿದ ಅನುಭವದಿಂದ ‘ದ ಡೆಸರ್ಟ್ ಇಯರ್’ (1952) ಮೂಡಿತು. ಅದೇ ವರ್ಷ ಅವರು ಕೊಲಂಬಿಯಾವನ್ನೂ ರಂಗವಿಮರ್ಶೆಯನ್ನೂ ತೊರೆದು ಸೊನೋರಾ ಮರುಭೂಮಿಯಲ್ಲೇ ನೆಲೆನಿಂತರು.

ವೃತ್ತಿಯನ್ನು ಬಿಟ್ಟರೂ ಅದರ ವಿಧಾನವನ್ನು ಕ್ರೂಚ್ ಬಿಡಲಿಲ್ಲ. ಪಠ್ಯದ ಒಂದು ಪದದ ಬಳಿ ನಿಂತು ಯೋಚಿಸುವ ಅಧ್ಯಾಪಕರ ನಿಧಾನವೇ ಮರುಭೂಮಿಯ ಬರಹಗಳಲ್ಲಿಯೂ ಕಾಣುತ್ತದೆ. ನೆಲದಡಿ ತಿಂಗಳುಗಟ್ಟಲೆ ಅಡಗಿದ್ದು, ಬೇಸಿಗೆಯ ಬಿರುಮಳೆಗೆ ಹೊರಬಂದು, ನೀರು ಇಂಗುವುದರೊಳಗೆ ಸಂತಾನಕಾರ್ಯ ಮುಗಿಸುವ ಕಪ್ಪೆ ಅವರಿಗೆ ಒಂದು ಇಡೀ ಪ್ರಬಂಧದ ವಸ್ತು. ‘ದ ವಾಯ್ಸ್ ಆಫ್ ದ ಡೆಸರ್ಟ್’ (1955) ಕೃತಿಯಲ್ಲಿ ಯಕ್ಕಾ ಗಿಡ ಮತ್ತು ಅದರ ಪತಂಗದ ಸಂಬಂಧವನ್ನು ಅವರು ವಿವರಿಸುತ್ತಾರೆ. ಹೆಣ್ಣು ಪತಂಗವು ಪರಾಗವನ್ನು ಉಂಡೆಮಾಡಿ ಒಯ್ದು, ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಪರಾಗವನ್ನು ಶಲಾಕಾಗ್ರಕ್ಕೆ ಒತ್ತುತ್ತದೆ. ಮರಿಗಳು ಕೆಲವು ಬೀಜಗಳನ್ನು ತಿಂದು ಉಳಿದವನ್ನು ಬಿಡುತ್ತವೆ. ಇದನ್ನು ಯಾಂತ್ರಿಕ ಕ್ರಿಯೆಯೆಂದು ಸುಲಭವಾಗಿ ಮುಗಿಸಲು ಕ್ರೂಚ್ ಸಿದ್ಧರಿಲ್ಲ.

ಈ ಹಿಂಜರಿಕೆಯೇ ಅವರ ತಾತ್ವಿಕ ತಿರುವಿನ ಮೂಲ. 1955ರ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಪಡೆದ ‘ದ ಮೆಷರ್ ಆಫ್ ಮ್ಯಾನ್’, ಮನುಷ್ಯನನ್ನು ಪರಿಸರದ ಪ್ರಚೋದನೆಗಳ ಮೊತ್ತವೆಂದು ಕಾಣುವ ಮನೋವಿಜ್ಞಾನವನ್ನು ಎದುರಿಸುತ್ತದೆ. ‘ದ ಗ್ರೇಟ್ ಚೈನ್ ಆಫ್ ಲೈಫ್’ (1956) ಅರಿವು, ಆನಂದ ಮುಂತಾದವು ಇತರ ಜೀವಿಗಳಿಗೂ ಸಲ್ಲುತ್ತವೆಂದು ವಾದಿಸುತ್ತದೆ. 1929ರಲ್ಲಿ ಮೌಲ್ಯಶೂನ್ಯವಾಗಿ ಕಂಡ ನಿಸರ್ಗದಲ್ಲಿಯೇ ಅವರು ಮೌಲ್ಯದ ಬೇರುಗಳನ್ನು ಗುರುತಿಸಿದರು. ಮನುಷ್ಯನ ಉಪಯೋಗಕ್ಕಾಗಿ ಮಾಡುವ ಸಂರಕ್ಷಣೆ ಸಾಲದು, ಜೀವಸಮುದಾಯದ ಮೇಲಿನ ಪ್ರೀತಿ ಬೇಕು ಎಂಬ ನಿಲುವು ಇದರ ಸಹಜ ಫಲ.

ಆದರೆ ಇಂತಹ ಪ್ರೀತಿಯನ್ನು ಆಚರಣೆಯಾಗಿ ಬಾಳುತ್ತಿದ್ದ ಜನ ಅದೇ ಮರುಭೂಮಿಯಲ್ಲಿದ್ದರು. ಆಗ ಪಾಪಾಗೊ ಎಂದು ಕರೆಯಲಾಗುತ್ತಿದ್ದ ತೊಹೊನೊ ಓಧಮ್ ಸಮುದಾಯಕ್ಕೆ ಸವಾರೊ ಕಳ್ಳಿಯ ಹಣ್ಣು ಕೊಯ್ಯುವ ಕಾಲವೇ ಹೊಸ ವರ್ಷದ ಆರಂಭ. ಹಣ್ಣಿನ ಪಾಕದಿಂದ ಮದ್ಯ ತಯಾರಿಸಿ, ಹಾಡಿ, ಕುಡಿದು ಅವರು ಮಳೆಯನ್ನು ಬರಮಾಡಿಕೊಳ್ಳುತ್ತಿದ್ದರು. ಕೊಲಂಬಿಯಾದಲ್ಲೇ ಮಾನವಶಾಸ್ತ್ರ ಅಭ್ಯಾಸ ಮಾಡಿದ ರುತ್ ಅಂಡರ್‌ಹಿಲ್ ಈ ಹಾಡುಗಳನ್ನು 1938ರಲ್ಲಿಯೇ ‘ಸಿಂಗಿಂಗ್ ಫಾರ್ ಪವರ್’ ಕೃತಿಯಲ್ಲಿ ನಿರೂಪಿಸಿದ್ದರು. ಒಂದೇ ವಿಶ್ವವಿದ್ಯಾಲಯದಿಂದ ಒಂದೇ ಮರುಭೂಮಿಗೆ ಎರಡು ದಾರಿಗಳಿದ್ದವು: ಒಂದು ಕೇಳುವ ದಾರಿ, ಇನ್ನೊಂದು ನೋಡುವ ದಾರಿ. ಕ್ರೂಚ್ ಅವರ ಮರುಭೂಮಿ ಬರಹಗಳ ಕೇಂದ್ರದಲ್ಲಿರುವುದು ಜೀವಿಗಳು ಮತ್ತು ಅವನ್ನು ನೋಡುವ ಒಬ್ಬ ಏಕಾಂಗಿ. ಸಮುದಾಯದ ನೆನಪು ಆ ಕೇಂದ್ರಕ್ಕೆ ಬರುವುದಿಲ್ಲ. ಮಳೆಗಾಗಿ ಕಾಯುವ ಕಪ್ಪೆಗೆ ಅಲ್ಲಿ ದೊರೆತ ಸ್ಥಾನ, ಮಳೆಗಾಗಿ ಹಾಡುವ ಮನುಷ್ಯರಿಗೆ ದೊರೆಯಲಿಲ್ಲ.

ಅವರು ಕ್ಷೇತ್ರಕಾರ್ಯದ ವಿದ್ವಾಂಸರಾಗಿರಲಿಲ್ಲವೆಂಬುದು ನಿಜ. ಆದ್ದರಿಂದ ಇದನ್ನು ವೈಯಕ್ತಿಕ ದೋಷವೆನ್ನುವುದಕ್ಕಿಂತ, ನಿಸರ್ಗವನ್ನು ನಿರ್ಜನ ಪ್ರದೇಶವೆಂದು ಭಾವಿಸುವ ಒಂದು ಬರಹ ಪರಂಪರೆಯ ಮಿತಿಯೆನ್ನುವುದು ಸೂಕ್ತ. ನಿಸರ್ಗದಲ್ಲಿ ಮನುಷ್ಯ ಪರಕೀಯನೆಂಬ ತಮ್ಮ ಹಳೆಯ ತೀರ್ಮಾನವನ್ನು ಕ್ರೂಚ್ ಕಪ್ಪೆ ಮತ್ತು ಪತಂಗಗಳ ಸಾಕ್ಷ್ಯದಿಂದ ತಿದ್ದಿಕೊಂಡರು. ಅದು ಸಣ್ಣ ಸಾಧನೆಯಲ್ಲ. ಆದರೆ ಆ ತೀರ್ಮಾನಕ್ಕೆ ಎಂದೂ ಒಳಗಾಗದ ಜನರ ಸಾಕ್ಷ್ಯವೂ ಆ ನೆಲದಲ್ಲಿತ್ತು. ನಿಸರ್ಗ ಸಾಹಿತ್ಯದ ಅಧ್ಯಯನವು ಜನಪದರ ಹಾಡನ್ನು ಬಿಟ್ಟು ಪೂರ್ಣವಾಗದು ಎಂಬುದನ್ನು ಕ್ರೂಚ್ ಅವರ ಸಾಧನೆ ಮತ್ತು ಮಿತಿ ಎರಡೂ ಮನಗಾಣಿಸುತ್ತವೆ.